ಕರಿ ಹರಿದ ಎತ್ತು

ಅಮೆರಿಕದ ಫ್ಲಾರಿಡಾದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಇಳಕಲ್ಲಿನವನು, ಡೇಟೋನಾ 500 ಎಂಬ ಕಾರು ಪಂದ್ಯವನ್ನು ನೋಡಿಬಂದು, ಅದರ ವಿಜೇತರ ಪಟ್ಟಿಯನ್ನು ನನಗೆ ಕಳುಹಿಸಿದ್ದಾನೆ. ಜೊತೆಗೊಂದು ಪ್ರಶ್ನೆ: "ಸರ್, ನಮ್ಮ ಕಾರಹುಣ್ಣಿಮಿಗೂ ಇಂಥಾದೊಂದು ಪಟ್ಟಿ ಐತೇನ್ರಿ?"

ಮೊದಲು ಅವನ ಪಟ್ಟಿಯ ಮಾತು. 500 ಮೈಲಿಗಳ ಈ ಪಂದ್ಯ ಮೊದಲು ನಡೆದದ್ದು 1959ರ ಫೆಬ್ರವರಿ 22ರಂದು. ಜಾನಿ ಬೋಶಾಂಪ್ ಗೆದ್ದನೆಂದು ಆ ದಿನ ಸಾರಲಾಯಿತು. ಆದರೆ ಮೂರು ಕಾರುಗಳು ಸಾಲಾಗಿ ಗೆರೆ ದಾಟಿದ್ದವು. ಅವುಗಳಲ್ಲೊಂದು ಒಂದು ಸುತ್ತು ಹಿಂದುಳಿದದ್ದು. ಛಾಯಾಚಿತ್ರಗಳನ್ನೂ ವಾರ್ತಾಚಿತ್ರವನ್ನೂ ಪರಿಶೀಲಿಸಿ, ಮೂರು ದಿನಗಳ ತರುವಾಯ ಲೀ ಪೆಟ್ಟಿಯೇ ವಿಜೇತನೆಂದು ತೀರ್ಮಾನಿಸಿದರು. ಅವನ ಮಗ ರಿಚರ್ಡ್ ಪೆಟ್ಟಿ 1964ರಿಂದ 1981ರ ಅವಧಿಯಲ್ಲಿ ಏಳು ಬಾರಿ ಗೆದ್ದ. 1980ರಲ್ಲಿ ಬಡ್ಡಿ ಬೇಕರ್ ಗಂಟೆಗೆ ಸರಾಸರಿ 177.602 ಮೈಲಿ ವೇಗದಲ್ಲಿ ಪಂದ್ಯ ಮುಗಿಸಿದ. 2016ರಲ್ಲಿ ಡೆನ್ನಿ ಹ್ಯಾಮ್ಲಿನ್ ಗೆದ್ದ ಅಂತರ ಸೆಕೆಂಡಿನ ನೂರನೆಯ ಒಂದು ಭಾಗ ಮಾತ್ರ.

ಸ್ಟಾಕ್ ಕಾರ್ ಎಂದರೆ ಅಂಗಡಿಯಲ್ಲಿ ಯಾರಿಗಾದರೂ ದೊರೆಯುವ ಮಾದರಿಯ ಕಾರು ಎಂದು ಮೊದಲಿನ ಅರ್ಥ. ಇಂದು ಹೋಲಿಕೆ ಹೊರರೂಪಕ್ಕಷ್ಟೇ. ಒಳಗೆಲ್ಲ ಪಂದ್ಯಕ್ಕೆಂದೇ ಕಟ್ಟಿದ್ದು. ಇದನ್ನೋದಿದಾಗ ನನಗೆ ನಮ್ಮ ಸೀಮೆಯ ಎತ್ತುಗಳೇ ನೆನಪಾದವು. ಕಾರಹುಣ್ಣಿಮೆಯ ಸಂಜೆ ಓಡುತ್ತಿದ್ದವು ನೇಗಿಲು ಹೂಡಿದ ಎತ್ತುಗಳೇ. ಈಗ ಜಾತ್ರೆಗಳ ತೆರಬಂಡಿ ಸ್ಪರ್ಧೆಗೆಂದೇ ಸಾಕಿದ ಎತ್ತುಗಳುಂಟು. ಅವುಗಳ ಹೊಲದ ಕೆಲಸವನ್ನು ಟ್ರ್ಯಾಕ್ಟರು ಮಾಡುತ್ತದೆ.

ಇನ್ನು ಅವನ ಪ್ರಶ್ನೆಗೆ ಉತ್ತರ. ಪಟ್ಟಿ ಇಲ್ಲ. ಆದರೆ ದಾಖಲೆ ಇತ್ತು, ಅದು ಬೇರೆ ಬಗೆಯದು. ಅಗಸಿಯಲ್ಲಿ ಬೇವಿನ ತಪ್ಪಲು ಕಟ್ಟಿದ ಹಗ್ಗವನ್ನು ಮೊದಲು ಹರಿದ ಎತ್ತಿನ ಬಣ್ಣವನ್ನು ಊರು ನೆನಪಿಡುತ್ತಿತ್ತು. ಬಿಳಿಯದು ಹರಿದರೆ ಬಿಳಿಜೋಳ ಮೊದಲಾದ ಹಿಂಗಾರಿ ಬೆಳೆ ಹುಲುಸು. ಕೆಂದೆತ್ತು ಹರಿದರೆ ಮುಂಗಾರಿ. ನಾನು ಹುನಗುಂದ ತಾಲ್ಲೂಕಿನಲ್ಲಿ ಶಿಕ್ಷಕನಾಗಿದ್ದಾಗ, ಕರಿ ಹರಿದ ಎತ್ತುಗಳ ವಿವರವನ್ನು ಹಿರಿಯರಿಂದ ಕೇಳಿ ಬರೆದು ತರುವಂತೆ ಮಕ್ಕಳಿಗೆ ಹೇಳಿದ್ದೆ. ಅವರು ತಂದದ್ದು ಬಣ್ಣ ಮತ್ತು ಬೆಳೆ. ಒಡೆಯನ ಹೆಸರು ಅಪರೂಪ, ಎತ್ತಿನ ಹೆಸರಂತೂ ಇಲ್ಲವೇ ಇಲ್ಲ. ಒಬ್ಬ ಚುರುಕು ಹುಡುಗಿ ಕೇಳಿದಳು: "ನಮ್ಮ ಕಡೆ ಎತ್ತು ಬಹಳಷ್ಟು ಕಿಲಾರಿ, ಬಿಳೇವ. ಬಿಳೇದೇ ಗೆಲ್ಲೋದು ಹೆಚ್ಚಲ್ಲೇನ್ರಿ ಸರ್?" ನನ್ನ ಬಳಿ ಉತ್ತರವಿರಲಿಲ್ಲ.

ಕರಾವಳಿಯ ಕಂಬಳದಲ್ಲಿ ಈಗ ಕಾಲವನ್ನು ಯಂತ್ರವೇ ಅಳೆಯುತ್ತದೆ. 2020ರ ಫೆಬ್ರವರಿ 1ರಂದು ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಅದನ್ನು ಉಸೇನ್ ಬೋಲ್ಟನ ಓಟದೊಡನೆ ತೂಗಿದ್ದು ಮಾತ್ರ ಅತಿಯಾಯಿತು. ಬೋಲ್ಟನನ್ನು ಮುಂದೆ ಎಳೆಯಲು ಕೋಣಗಳಿರಲಿಲ್ಲ. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟನ್ನೂ ಎತ್ತಿನ ಗಾಡಿ ಓಟವನ್ನೂ ನಿಷೇಧಿಸಿತು. ಕರ್ನಾಟಕ 2017ರಲ್ಲಿ ಕಾಯ್ದೆಯನ್ನು ತಿದ್ದಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಪ್ರಾಣಿಹಿಂಸೆಯ ಆಕ್ಷೇಪ ಹುಸಿಯೆಂದು ನಾನು ಹೇಳಲಾರೆ. ಬಾರುಕೋಲಿನ ಬಾಸುಂಡೆಗಳನ್ನು ಕಣ್ಣಾರೆ ಕಂಡವನು ನಾನು.

ಒಂದು ವರ್ಷದ ವಿವರವನ್ನಾದರೂ ಪೂರ್ಣವಾಗಿ ಬರೆದಿಡುತ್ತೇನೆ. 1972ರಲ್ಲಿ ನಮ್ಮೂರಿನ ಕರಿ ಹರಿದದ್ದು ನಮ್ಮಪ್ಪನ ಕೆಂದೆತ್ತು. ಅಪ್ಪ ಗೊಟ್ಟದಲ್ಲಿ ಎಣ್ಣೆ ಕುಡಿಸಿ, ಕೋಡಿಗೆ ಬಣ್ಣ ಬಳಿದು, ತಾವೇ ಓಡಿಸಿದ್ದರು. ಮುಂಗಾರಿ ಕೈಹಿಡಿಯುವುದೆಂದು ಊರೆಲ್ಲ ಹಿಗ್ಗಿತು. ಮಳೆ ಬರಲಿಲ್ಲ. ಅದು ನಾಡನ್ನೇ ಬಾಧಿಸಿದ ಬರ. ಆದರೂ ಕಟ್ಟೆಯ ಮೇಲಿನ ಮಾತೆಲ್ಲ ನಮ್ಮ ಎತ್ತಿನ ಕಡೆಗೇ ತಿರುಗಿತು. ಮೇವೂ ಇರಲಿಲ್ಲ. ಅಪ್ಪ ಅದನ್ನು ಅಮೀನಗಡದ ಸಂತೆಯಲ್ಲಿ ಮಾರಿ, ಹಗ್ಗವನ್ನಷ್ಟೇ ಹೆಗಲಿಗೆ ಹಾಕಿಕೊಂಡು ಮನೆಗೆ ನಡೆದು ಬಂದರು. ಆ ವರ್ಷ "ಕೆಂದೆತ್ತು ಹರೀತು, ಬರ ಬಿತ್ತು" ಎಂದು ಊರು ಬಹುಕಾಲ ಹೇಳುತ್ತಿತ್ತು. ಅದರ ಹೆಸರು ಹರಣ್ಯಾ. ಎಡಗೋಡು ತುಸು ಒಳಕ್ಕೆ ಬಾಗಿತ್ತು.