ಚಿಂಚೋಳಿ ಕಾಡು ಮತ್ತು 75 ವರ್ಷದ ಲೆಕ್ಕ

ನಮ್ಮ ಗೊಬ್ಬೂರ ಕಡೆ ಕಾಡು ಅಂದ್ರೆ ಹೊಲದ ಬದುವಿನ ಜಾಲಿ ಕಂಟಿ, ಅಷ್ಟೇ. ನಿಜವಾದ ಕಾಡು ಇರೋದು ಕಲಬುರಗಿ ಜಿಲ್ಲೆಯ ಆ ತುದಿಗೆ, ಚಿಂಚೋಳಿಯಲ್ಲಿ. ತೋಳ, ಕತ್ತೆಕಿರುಬ ಇರೋ ಆ 134.88 ಚದರ ಕಿ.ಮೀ. ಕಾಡನ್ನು ಸರಕಾರ 2011ರಲ್ಲಿ, 1972ರ ವನ್ಯಜೀವಿ ಕಾಯ್ದೆಯಡಿ, ವನ್ಯಧಾಮ ಮಾಡಿತು. ನನಗಂತೂ ಖುಷಿಯೇ.

ತಕರಾರು ಇರೋದು ಒಳಗಿನ ಲಂಬಾಣಿ ತಾಂಡಾಗಳದ್ದು. 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚೆ ಅಲ್ಲಿದ್ದರೆ ಸಾಕು. ಉಳಿದವರು ಅದಕ್ಕೂ ಹಿಂದಿನ 75 ವರ್ಷದ ವಾಸ ತೋರಿಸಬೇಕು. ಗಡಿಯಾಚೆ ತೆಲಂಗಾಣದಲ್ಲಿ ಲಂಬಾಣಿಗರು ಪರಿಶಿಷ್ಟ ಪಂಗಡ, ನಮ್ಮಲ್ಲಿ ಪರಿಶಿಷ್ಟ ಜಾತಿ! ಅಂದ್ರೆ ನಮ್ಮವರು 1930ಕ್ಕೆ, ನಿಜಾಮನ ಕಾಲಕ್ಕೆ ಹೋಗಬೇಕು. (ಆಗ ಎರಡೂ ಕಡೆ ಒಂದೇ ಸಂಸ್ಥಾನ.) ಹಿರಿಯರ ಹೇಳಿಕೆಯೂ ಸಾಕ್ಷಿ ಅಂತ ನಿಯಮದಲ್ಲಿದೆ, ಸರಿ. 1930 ಕಂಡ ಹಿರಿಯರು ಈಗ ಎಷ್ಟು ಜನ ಉಳಿದಿದ್ದಾರೆ, ನೀವೇ ಹೇಳಿ.