ಕೊಡಗಿನ ಕೋವಿಯೂ ಮನೆಯ ಹೊಸ್ತಿಲೂ

1834ರಲ್ಲಿ ಚಿಕ್ಕವೀರರಾಜೇಂದ್ರನು ಪದಚ್ಯುತನಾಗಿ ಕೊಡಗು ಇಂಗ್ಲಿಷರ ವಶವಾಯಿತು. 1857ರ ದಂಗೆಯ ತರುವಾಯ ಸರಕಾರವು ಪ್ರಜೆಗಳ ಆಯುಧಗಳನ್ನು ಕಸಿದುಕೊಳ್ಳಹೊರಟಾಗ, 1861ರಲ್ಲಿ ಕಮೀಷನರ್ ಮಾರ್ಕ್ ಕಬ್ಬನ್ನರು ಕೊಡವರ ನಿಷ್ಠೆಯನ್ನು ಶ್ಲಾಘಿಸಿ ಅವರಿಗೆ ವಿನಾಯಿತಿಯನ್ನು ಸಾರಿದರು. ಕೈಲ್‌ಪೊದಿನಂದು ಪೂಜೆಗೊಳ್ಳುವ ಕೋವಿಯು ಹೀಗೆ ಮನೆಯಲ್ಲಿಯೇ ಉಳಿಯಿತು. ಆದರೂ ಇದು ಸರಕಾರದ ಅನುಗ್ರಹವೇ ಹೊರತು ಶಾಶ್ವತವಾದ ಹಕ್ಕಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2019ರಲ್ಲಿ ಮುಂದುವರಿಸಲಾದ ವಿನಾಯಿತಿಗೆ 2029ರ ಅವಧಿಯುಂಟು; 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು.

ಕೋವಿಗೆ ಲೈಸೆನ್ಸು ಬೇಡವೆಂದಮಾತ್ರಕ್ಕೆ ಪೊಲೀಸರು ಐನ್‌ಮನೆಯ ಕೈಯಾಲೆಯನ್ನು ಏರಲಾರರೆಂದು ತಿಳಿಯುವುದು ಭ್ರಮೆ. ಹೊಸ್ತಿಲನ್ನು ಕಾಯುವ ವಿಧಿಯೇ ಬೇರೆ. ಅದು ತೋಟದ ಕೂಲಿಯ ಗುಡಿಸಲಿಗೂ ಸಮನಾಗಿ ಸಲ್ಲುವುದು. 1898ರ ಕ್ರಿಮಿನಲ್ ಪ್ರೊಸೀಜರ್ ಕೋಡಿನ 102 ಮತ್ತು 103ನೆಯ ಕಲಮುಗಳಂತೆ, ವಾರಂಟನ್ನು ತೋರಿಸಿದರೆ ಯಜಮಾನನು ಬಾಗಿಲು ತೆರೆಯಬೇಕು. ಶೋಧನೆಗೆ ಮೊದಲು ಆ ಪ್ರದೇಶದ ಇಬ್ಬರಾದರೂ ಗೌರವಸ್ಥರನ್ನು ಸಾಕ್ಷಿಗಳಾಗಿ ಕರೆಯಬೇಕು. ಯಜಮಾನನು ಜೊತೆಯಲ್ಲಿದ್ದು ನೋಡಬಹುದು. ವಶಪಡಿಸಿದ ವಸ್ತುಗಳ ಪಟ್ಟಿಯ ಪ್ರತಿಯು ಅವನಿಗೆ ದೊರೆಯಬೇಕು. ಹೆಂಗಸಿನ ಮೈಶೋಧನೆಯನ್ನು ಹೆಂಗಸೇ ಮಾಡತಕ್ಕದ್ದು. ತುರ್ತಿನಲ್ಲಿ ವಾರಂಟಿಲ್ಲದೆ ಬರುವ ಅಧಿಕಾರಿಯು ಕಾರಣವನ್ನು ಮೊದಲೇ ಬರೆದಿಡಬೇಕು.

ಕಾಫಿತೋಟಗಳ ನಡುವೆ ಒಂಟಿಯಾಗಿ ನಿಂತ ಕೊಡಗಿನ ಮನೆಗಳಿಗೆ ನೆರೆಯವರೇ ದೂರ. ಆದುದರಿಂದ ಸಾಕ್ಷಿಯ ವಿಧಿಯು ಇಲ್ಲಿ ಬರಿಯ ಔಪಚಾರಿಕವಲ್ಲ. ಲಿಖಿತವಾಗಿ ಕರೆದರೂ ಸಕಾರಣವಿಲ್ಲದೆ ಬಾರದ ನೆರೆಯವನೇ ಅಪರಾಧಿಯಾಗುವನೆಂಬುದನ್ನು ಬಲ್ಲವರು ವಿರಳ! 1973ರ ಕೋಡಿನಲ್ಲಿ ಈ ವಿಧಿಯು 100ನೆಯ ಕಲಮಾಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಮರಳಿ 103ಕ್ಕೇ ಬಂದಿದೆ. ಶೋಧನೆಯನ್ನೂ ಪಟ್ಟಿಗೆ ರುಜು ಹಾಕುವುದನ್ನೂ ಧ್ವನಿ-ಚಿತ್ರಗಳಲ್ಲಿ ದಾಖಲಿಸಬೇಕೆಂಬುದು ಅದರ 105ನೆಯ ಕಲಮು ಹೊಸದಾಗಿ ಸೇರಿಸಿದ ನಿಯಮ.