ಮುಂಬಯಿಯ ಕನ್ನಡ ಹೈಸ್ಕೂಲುಗಳು: ಹಗಲಿನವು, ರಾತ್ರಿಯವು

ಹಿಂದೆಲ್ಲ ಜೂನ್ ತಿಂಗಳಲ್ಲಿ ಎಸ್.ಎಸ್.ಸಿ. ರಿಸಲ್ಟು ಬಂತೆಂದರೆ ನಮ್ಮ ಮುಂಬಯಿ ಕನ್ನಡಿಗರಲ್ಲಿ ಒಂದೇ ಚರ್ಚೆ. ಯಾವ ಕನ್ನಡ ಹೈಸ್ಕೂಲಿಗೆ ಎಷ್ಟು ಪರ್ಸೆಂಟು? ವಡಾಲದ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯದ್ದು ಎಷ್ಟು, ಚೆಂಬೂರು ಕರ್ನಾಟಕ ಸಂಘದ್ದು ಎಷ್ಟು, ಕೋಟೆ ಪ್ರದೇಶದ ರಾತ್ರಿ ಶಾಲೆಗಳದ್ದು ಎಷ್ಟು... ಪ್ರತಿ ಸಲವೂ ರಾತ್ರಿ ಶಾಲೆಗಳು ಹಿಂದೆ. "ಪಾಪ, ಹೋಟೆಲ್ ಹುಡುಗರು" ಎಂದು ಹೇಳಿ ಮಾತು ಮುಗಿಸುತ್ತಿದ್ದರು. ಆ ಹೋಲಿಕೆಯೇ ತಪ್ಪು ಎನ್ನುವುದು ನನ್ನ ವಾದ.

ರಾತ್ರಿ ಶಾಲೆಗಳ ಇತಿಹಾಸ ಸಣ್ಣದಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ, ಅದರ ಉಚಿತ ರಾತ್ರಿ ಶಾಲೆ 1908ರಲ್ಲಿ. ಆಗ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದಲ್ಲಿತ್ತು, ಮುಂಬಯಿ ಬೇರೆಯೇ ಪ್ರಾಂತ್ಯ. ಹಡಗು ಹತ್ತಿ ಬಂದ ಕರಾವಳಿಯ ಹುಡುಗರಿಗೆ ಅಕ್ಷರ ಕಲಿಸಬೇಕೆಂದು ಸರಕಾರವನ್ನು ಕಾಯದೆ ಜಾತಿ ಸಂಘಗಳೇ ಮುಂದೆ ಬಂದವು. ಬಿಲ್ಲವರ ಅಸೋಸಿಯೇಷನ್ನಿನ ಗುರುನಾರಾಯಣ ರಾತ್ರಿ ಹೈಸ್ಕೂಲು, ಬಾಂಬೆ ಫೋರ್ಟ್ ಕನ್ನಡ ಫ್ರೀ ನೈಟ್ ಹೈಸ್ಕೂಲು ಆಮೇಲೆ ಬಂದವು. ಕೋಟೆ ಪ್ರದೇಶದಲ್ಲೇ ಯಾಕೆ ಇಷ್ಟೊಂದು ಎನ್ನುತ್ತೀರಾ? ಆಫೀಸುಗಳು ಅಲ್ಲಿ, ಆಫೀಸಿನ ಕ್ಯಾಂಟೀನುಗಳು ಅಲ್ಲಿ, ಉಡುಪಿ ಹೋಟೆಲುಗಳು ಅಲ್ಲಿ. ಹುಡುಗರೂ ಅಲ್ಲೇ ಮಲಗುತ್ತಿದ್ದರು!

ಬೆಳಗಿನ ಜಾವ ಎದ್ದು ತಟ್ಟೆ ಲೋಟ ತೊಳೆದವನು ಸಂಜೆ ಶಾಲೆಗೆ ಬರಬೇಕು. ಅದೂ ಮಾಲೀಕನ ಅಪ್ಪಣೆ ಸಿಕ್ಕರೆ. ಕಟ್ಟಡ ಹೆಚ್ಚಾಗಿ ಮುನಿಸಿಪಾಲಿಟಿ ಶಾಲೆಯದ್ದು, ಹಗಲು ಪುಟ್ಟ ಮಕ್ಕಳು ಕೂತ ಬೆಂಚು. ಹದಿನೆಂಟು ವರ್ಷದವನು ಅದರಲ್ಲಿ ಮೊಣಕಾಲು ಮಡಿಸಿ ಕೂರಬೇಕು. ದಿನಕ್ಕೆ ಮೂರು, ಮೂರೂವರೆ ಗಂಟೆ ಪಾಠ. ಆಟದ ಮೈದಾನವಿಲ್ಲ, ಪ್ರಯೋಗಾಲಯ ಹೆಸರಿಗಷ್ಟೆ. ಆದರೆ ಮಾರ್ಚ್ ತಿಂಗಳಲ್ಲಿ ಪ್ರಶ್ನೆಪತ್ರಿಕೆ ಮಾತ್ರ ಹಗಲಿನವರದ್ದೇ! ನಡುವೆ ಮಾಲೀಕ ಬೇರೆ ಬಡಾವಣೆಯ ಹೋಟೆಲಿಗೆ ಕಳಿಸಿದರೆ ಹುಡುಗನ ಓದು ಅಲ್ಲಿಗೆ ನಿಂತಿತು.

ಪರ್ಸೆಂಟು ಬಿಟ್ಟು ಇನ್ನೊಂದು ಲೆಕ್ಕ ಹಾಕೋಣ. ಬಂದಾಗ ಏನಾಗಿದ್ದ, ಹೋಗುವಾಗ ಏನಾದ? 1946ರಲ್ಲಿ ಡಾ. ಅಂಬೇಡ್ಕರ್ ಅವರ ಪೀಪಲ್ಸ್ ಎಜುಕೇಶನ್ ಸೊಸೈಟಿ ಸಿದ್ಧಾರ್ಥ ಕಾಲೇಜು ತೆರೆದು, ದುಡಿಯುವವರಿಗಾಗಿ ಬೆಳಗಿನ ಕ್ಲಾಸು ನಡೆಸಿತು. ಅದೂ ಕೋಟೆ ಪ್ರದೇಶದಲ್ಲೇ. ರಾತ್ರಿ ಎಸ್.ಎಸ್.ಸಿ., ಬೆಳಿಗ್ಗೆ ಕಾಲೇಜು, ಹಗಲು ನೌಕರಿ. ಈ ದಾರಿಯಲ್ಲಿ ನಡೆದವರು ಬ್ಯಾಂಕ್ ಗುಮಾಸ್ತರಾದರು, ವಕೀಲರಾದರು, ತಾವೇ ಹೋಟೆಲ್ ಮಾಲೀಕರಾದರು. ಇಂದಿನ ನಮ್ಮ ಸಂಘಗಳ ಹಳೆಯ ಫೋಟೋಗಳಲ್ಲಿ ಶಾಲು ಹೊದ್ದು ಕುಳಿತವರಲ್ಲಿ ಅನೇಕರು ಆ ಬೆಂಚಿನಿಂದ ಎದ್ದುಬಂದವರು.

ಹಗಲಿನ ಶಾಲೆಗೆ ಬರುತ್ತಿದ್ದವರು ಬೇರೆ. ಸಂಸಾರಸ್ಥರ ಮಕ್ಕಳು, ಮನೆಯಲ್ಲಿ ಊಟ ಹಾಕುವ ತಾಯಿ ಇದ್ದವರು, ಹೆಣ್ಣುಮಕ್ಕಳು. ರಾತ್ರಿ ಶಾಲೆಗೆ ಹೆಣ್ಣುಮಕ್ಕಳು ಬರುವುದು ಅಪರೂಪವೇ. ಅಷ್ಟರ ಮಟ್ಟಿಗೆ ಹಗಲಿನ ಶಾಲೆಯ ಋಣ ದೊಡ್ಡದು. ಆದರೆ ಮೊದಲು ಬರಿದಾದದ್ದೂ ಅದರ ಬೆಂಚೇ. ಕನ್ನಡ ಶಾಲೆಗೆ ವಂತಿಗೆ ಕೊಟ್ಟವರು ತಮ್ಮ ಮಕ್ಕಳನ್ನು ಇಂಗ್ಲಿಷ್ ಮೀಡಿಯಂಗೆ ಕಳಿಸಿದರು. ಬೈಯುವುದು ಸುಲಭ, ನಾವೆಲ್ಲ ಮಾಡಿದ್ದು ಅದನ್ನೇ ತಾನೇ?

ರಾತ್ರಿ ಶಾಲೆ ಸೊರಗಿದ ಕಾರಣ ಬೇರೆ, ಅದರಲ್ಲಿ ಅರ್ಧ ಸಂತೋಷದ್ದು. ಊರಿನಲ್ಲೇ ಹೈಸ್ಕೂಲು ಬಂತು. 1974ರ ಭೂಸುಧಾರಣೆ ಕಾಯಿದೆಯಿಂದ ಎಷ್ಟೋ ಗೇಣಿ ಒಕ್ಕಲುಗಳಿಗೆ ಸ್ವಂತ ಗದ್ದೆಯಾಯಿತು. ಹತ್ತು ವರ್ಷದ ಮಗನನ್ನು ಮುಂಬಯಿಗೆ ಕಳಿಸುವ ಅಗತ್ಯ ಕಡಿಮೆಯಾಯಿತು. 2006ರ ಅಕ್ಟೋಬರಿನಿಂದ ಹೋಟೆಲುಗಳಲ್ಲಿ 14ರೊಳಗಿನ ಮಕ್ಕಳ ದುಡಿಮೆಯೂ ನಿಷಿದ್ಧವಾಯಿತು. ಇಷ್ಟರ ಮೇಲೆ 2017ರಲ್ಲಿ ಮಹಾರಾಷ್ಟ್ರ ಸರಕಾರ, ಹಗಲು ಶಾಲೆಯ ಮೇಷ್ಟ್ರುಗಳು ರಾತ್ರಿ ಶಾಲೆಯಲ್ಲೂ ದುಡಿಯುವಂತಿಲ್ಲ ಎಂದು ಆದೇಶ ಮಾಡಿತು. ರಾತ್ರಿ ಶಾಲೆಗಳು ನಿಂತಿದ್ದೇ ಅಂಥ ಮೇಷ್ಟ್ರುಗಳ ಮೇಲೆ.

ಇದೇ ಮಹಾರಾಷ್ಟ್ರದ ಗಡಿಯಲ್ಲಿ, ಜತ್ತ, ಅಕ್ಕಲಕೋಟೆಗಳಲ್ಲಿ, ಇನ್ನೊಂದು ಬಗೆಯ ಕನ್ನಡ ಶಾಲೆಗಳಿವೆ. ಬೋರ್ಡು ಇದೇ, ಬಾಲಭಾರತಿ ಕನ್ನಡದಲ್ಲಿ ಅಚ್ಚುಮಾಡುವ ಪುಸ್ತಕಗಳೂ ಇವೇ. ಶಿವಾಜಿ ಮಹಾರಾಜರ ಚರಿತ್ರೆಯನ್ನು ಎರಡೂ ಕಡೆ ಕನ್ನಡದಲ್ಲೇ ಓದುತ್ತಾರೆ. ಆದರೆ ಅಲ್ಲಿ ಊರೇ ಕನ್ನಡ, ಹಾಗಾಗಿ ಮಕ್ಕಳಿದ್ದಾರೆ. ಕೊರತೆ ಮೇಷ್ಟ್ರದ್ದು. 2024ರಲ್ಲಿ ಜತ್ತ ತಾಲೂಕಿನ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದ್ದು ದೊಡ್ಡ ತಕರಾರಾಯಿತು. ನಮ್ಮಲ್ಲಿ ಮೇಷ್ಟ್ರಿದ್ದರು, ಮಕ್ಕಳು ಹೋದರು.

ಹಾಗಾದರೆ ಮುಂಬಯಿಯಲ್ಲಿ ಕನ್ನಡ ಮಾತನಾಡುವ ಬಡ ಮಕ್ಕಳೇ ಇಲ್ಲವೇ? ಧಾರಾಳವಾಗಿ ಇದ್ದಾರೆ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದ ಕಟ್ಟಡ ಕೆಲಸಗಾರರ ಮಕ್ಕಳು. ಮಹಾನಗರಪಾಲಿಕೆಯ ಕನ್ನಡ ಪ್ರಾಥಮಿಕ ಶಾಲೆಗಳಲ್ಲಿ ಈಚೆಗೆ ಕಾಣುವುದು ಹೆಚ್ಚಾಗಿ ಇವರೇ. ಇವರು ಉಡುಪಿ-ಮಂಗಳೂರಿನವರ ಸಂಘಗಳಿಗೆ ಸೇರಿದವರಲ್ಲ, ಸಂಘದವರಿಗೆ ಇವರ ಗುರುತೂ ಇಲ್ಲ. ಕಟ್ಟಡ ಮುಗಿದರೆ ಸಂಸಾರ ಮುಂದಿನ ಸೈಟಿಗೆ ಹೋಗುತ್ತದೆ. ಪ್ರಾಥಮಿಕ ಶಾಲೆ ಮುಗಿದ ಮೇಲೆ ಹತ್ತಿರದ ಕನ್ನಡ ಹೈಸ್ಕೂಲು ಎರಡು ಲೋಕಲ್ ಟ್ರೈನು ಬದಲಿಸುವಷ್ಟು ದೂರ. ಹೈಸ್ಕೂಲು ಓದಲು ಹುಡುಗರು ಊರು ಬಿಟ್ಟು ಈ ಮಹಾನಗರಕ್ಕೆ ಬಂದ ಕಾಲವೊಂದಿತ್ತು. ಈಗ ಎಷ್ಟೋ ತಾಯಂದಿರು ಏಳನೇ ತರಗತಿ ಮುಗಿಸಿದ ಮಗಳನ್ನು ಹೈಸ್ಕೂಲಿಗೆಂದು ಊರಿನ ಅಜ್ಜಿಯ ಮನೆಗೆ ಕಳಿಸುತ್ತಿದ್ದಾರೆ.